ಕೂಲರ್ ಗೂಡಿನ ದೀಪ

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತನಾದರೂ ಸಾಹೇಬಗಿರಿಯ ಚಟ ಅವನಿಂದ ನಿವೃತ್ತವಾಗಲಿಲ್ಲ. ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್ ಬಿಟ್ಟು ಮುನಿರ್ಕಾದಲ್ಲಿ ಮೇಲಿನ ಮಹಡಿ ಹಿಡಿದ ಮೇಲೆ ಅವನ ಕೈಕೆಳಗೆ ಉಳಿದದ್ದು ಅಮ್ಮ, ನಾನು ಮತ್ತು ತಾರಸಿಯ ಮೂರು ಕೋಳಿಗಳು. ಮಗಳಾದ ನಾನು ಬೆಳಗಾದರೆ ಮೆಟ್ರೋ ಹತ್ತಿ ಗುರುಗ್ರಾಮದ ಆಫೀಸಿಗೆ ತಪ್ಪಿಸಿಕೊಳ್ಳುತ್ತಿದ್ದೆ. ಉಳಿದ ನಾಲ್ವರಿಗೆ ಆ ಭಾಗ್ಯವಿರಲಿಲ್ಲ.

ಕೆಟ್ಟುಹೋದ ಕೂಲರ್‌ನ ತಗಡಿನ ಡಬ್ಬವೇ ಕೋಳಿಗೂಡು. ಯಾವುದು ಮೊಟ್ಟೆ ಇಡುತ್ತದೆ, ಯಾವುದು ಪುಕ್ಕಟೆ ತಿನ್ನುತ್ತದೆ ಎಂದು ತಿಳಿಯಲು ಅಪ್ಪ ಒಳಗೆ ಜಾಲರಿ ಹಾಕಿಸಿ ಮೂರು ಕೋಣೆ ಮಾಡಿದ್ದ. ಬಿಳಿ, ಕೆಂಪು, ಕರಿ. ಕರಿಯದು ಅಮ್ಮನ ಕೋಳಿ. ಅವಳು ಅದರ ಜೊತೆ ಮಾತಾಡುತ್ತಿದ್ದಳು; ಆ ಮನೆಯಲ್ಲಿ ಅವಳ ಮಾತಿಗೆ ಕತ್ತು ಎತ್ತಿ ನೋಡುತ್ತಿದ್ದದ್ದು ಅದೊಂದೇ.

ಚಳಿಗಾಲ ಬಂತು, ಹಗಲು ಗಿಡ್ಡವಾಯಿತು, ಮೂರೂ ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಬೆಳಕು ಸಾಲದಿದ್ದರೆ ಕೋಳಿಗಳು ಹಾಗೇ. ಅಪ್ಪ ಸೋಲಾರ್ ದೀಪ ತಂದ. ತಾರಸಿಯ ಗೋಡೆಯ ಮೇಲೆ ಪ್ಯಾನೆಲ್, ಗೂಡಿನ ಪಕ್ಕ ಬ್ಯಾಟರಿ, ನಸುಕಿನಲ್ಲಿ ತಾನೇ ಹತ್ತಿಕೊಳ್ಳುವ ಬಲ್ಬು.

"ಇವತ್ತಿಂದ ಇವೆಲ್ಲ ಪ್ರೊಬೇಷನ್ ಮೇಲೆ. ಭಾನುವಾರದೊಳಗೆ ಯಾವುದು ಮೊಟ್ಟೆ ಇಡಲ್ವೋ ಅದು ಸಾರಿಗೆ," ಎಂದ.

"ಕರೀದಕ್ಕೆ ವಯಸ್ಸಾಗಿದೆ ರೀ," ಎಂದಳು ಅಮ್ಮ.

"ಅಚ್ಛಾ. ಹಾಗಾದ್ರೆ ಅದೇ ಮೊದಲು ಹೋಗುತ್ತೆ."

ದೆಹಲಿಯ ಚಳಿಗಾಲದ ಬಿಸಿಲು ಹೊಗೆಯಲ್ಲಿ ಅರ್ಧ ಸತ್ತಿರುತ್ತದೆ. ಪ್ಯಾನೆಲ್ ಮೇಲೆ ದಿನಾ ಬೂದಿಯಂಥ ಧೂಳು. ಅಮ್ಮ ಪ್ರತಿದಿನ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು, ತನ್ನ ಕರಿಗೆ ಒಂದಿಷ್ಟು ಹೆಚ್ಚು ಬೆಳಕು ಸಿಗಲಿ ಎಂದು. ಮೊದಲು ಇಟ್ಟದ್ದು ಬಿಳಿ. ಕೆಂಪು, ಕರಿ ಎರಡೂ ಸುಮ್ಮನಿದ್ದವು. ಶನಿವಾರ ಬೆಳಗ್ಗೆ ನೋಡಿದರೆ ಕರಿಯ ಕೋಣೆಯಲ್ಲೊಂದು ಮೊಟ್ಟೆ.

"ಶಹಬ್ಬಾಸ್," ಎಂದ ಅಪ್ಪ. ಅಮ್ಮನ ಮುಖ ನೋಡಿ ನನಗೂ ಹಿಗ್ಗಾಯಿತು. ಭಾನುವಾರ ಅವನು ಕೆಂಪಿಯನ್ನು ಕಾಲು ಕಟ್ಟಿ ಒಯ್ದು ಕೊಯ್ಯಿಸಿಕೊಂಡು ಬಂದ. ಅಮ್ಮ ಸಾರು ಮಾಡಿದಳು.

ತೊಡೆಯ ತುಂಡು ಚೀಪುತ್ತಾ ಅಪ್ಪ ಹೇಳಿದ: "ನಿನ್ನೆ ನಸುಕಲ್ಲಿ ಕೆಂಪಿ ಇಟ್ಟ ಮೊಟ್ಟೇನ ನೀನು ಕರಿ ಹತ್ರ ಇಟ್ಟಿದ್ದನ್ನ ನನ್ನ ಕಿಟಕಿಯಿಂದಾನೇ ನೋಡ್ದೆ ಕಣೇ. ಪ್ಯಾನೆಲ್ ಅಷ್ಟು ಚೆನ್ನಾಗಿ ಒರೆಸ್ತೀಯಲ್ಲ, ದೀಪ ಹಗಲಿನ ಹಾಗೆ ಉರೀತಿತ್ತು."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಗೊತ್ತಿದ್ದೂ ಕೆಂಪೀನ ಕೊಯ್ಸಿದ್ಯಾ ಅಪ್ಪ?" ಎಂದೆ.

"ಆರಿಸಿದ್ದು ನಾನಲ್ಲ, ನಿಮ್ಮಮ್ಮ. ಮುಂದಿನ ವಾರಾನೂ ಅವಳೇ ಆರಿಸ್ಲಿ."

ಅವನನ್ನು ಆ ಹೊತ್ತು ದ್ವೇಷಿಸಿದೆ, ಈಗಲೂ ಆ ದ್ವೇಷ ಆರಿಲ್ಲ.

ಆ ವಾರವೆಲ್ಲ ಬಿಳಿ ಕೋಳಿ ಮೊಟ್ಟೆ ಇಟ್ಟಿತು, ಕರಿ ಇಡಲಿಲ್ಲ. ಅಮ್ಮ ಯಾವ ಮೊಟ್ಟೆಯನ್ನೂ ಮುಟ್ಟಲಿಲ್ಲ. ಭಾನುವಾರ ಅಪ್ಪ ಕೇಳುವ ಮೊದಲೇ ಕರಿಯನ್ನು ಸೆರಗಿನೊಳಗೆ ಸುತ್ತಿಕೊಂಡು ಮೆಟ್ಟಿಲಿಳಿದಳು. ನಾನೂ ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ವಾಪಸು ಬಂದು ಮಾಂಸದ ಚೀಲ ಕೆಳಗಿಟ್ಟು ಮಸಾಲೆ ರುಬ್ಬಿದಳು.

ಅಪ್ಪ ಒಂದು ತುಂಡನ್ನು ತುಂಬಾ ಹೊತ್ತು ಅಗಿದ. "ಏನೇ ಇದು, ಚಪ್ಪಲಿ ಥರ ಗಟ್ಟಿ ಇದೆ?"

"ವಯಸ್ಸಾಗಿದೆ ಅಂತ ಹೇಳಿದ್ನಲ್ಲ ರೀ," ಎಂದು ಅಮ್ಮ ಅವನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದಳು.