ನಲವತ್ತು ಮಸಾಲೆ ದೋಸೆ, ಪಾರ್ಸೆಲ್

ಪುಣೆಯ ಶಿವಾಜಿನಗರದ ಒಂದು ಕಾಲೇಜಿನಲ್ಲಿ ನಾನು ಎಂಸಿಎ ಹುಡುಗರಿಗೆ ಪ್ರಾಜೆಕ್ಟ್ ಗೈಡ್. ಕೊನೆಯ ಸೆಮಿಸ್ಟರ್ ಬಂತೆಂದರೆ ನನ್ನ ತಲೆ ಚಿಟ್ಟು ಹಿಡಿಯುತ್ತದೆ. ಎದುರಿಗೆ ಕೂತ ಹುಡುಗ ಗಂಭೀರವಾಗಿ "ಮ್ಯಾಡಂ, ನಮ್ಮದು ಆಸ್ಪತ್ರೆ ನಿರ್ವಹಣೆಯ ಸಾಫ್ಟ್‌ವೇರ್" ಎನ್ನುತ್ತಾನೆ. ಯಾವ ಆಸ್ಪತ್ರೆ ಎಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಾನೆ. ಆಸ್ಪತ್ರೆ ಇಲ್ಲ, ರೋಗಿ ಇಲ್ಲ, ಹುಡುಗನಿಗೆ ಜ್ವರ ಬಂದಾಗ ಹೋದ ದವಾಖಾನೆಯ ನೆನಪೂ ಇಲ್ಲ. ಆದರೆ ಕಪ್ಪು ರಟ್ಟಿನ ಪುಸ್ತಕ ಮಾತ್ರ ಚಿನ್ನದ ಅಕ್ಷರಗಳೊಂದಿಗೆ ಬೈಂಡ್ ಆಗಿ ಬರುತ್ತದೆ. ತಯಾರಾದ ಪ್ರಾಜೆಕ್ಟ್ ಮಾರುವ ಅಂಗಡಿಗಳು ಕಾಲೇಜಿನ ಸುತ್ತಮುತ್ತಲೇ ಇವೆ. ಕಳೆದ ವರ್ಷದ ಹುಡುಗರು ತಂದದ್ದನ್ನೇ ಈ ವರ್ಷದವರೂ ತಂದಾಗ, ಒಳಗಿನ ರೋಗಿಯ ಹೆಸರು ಕೂಡ ಬದಲಾಗಿರಲಿಲ್ಲ. ಆ ರೋಗಿ ಇನ್ನೂ ಡಿಸ್ಚಾರ್ಜ್ ಆಗಿಲ್ಲವೇನ್ರಪ್ಪಾ ಎಂದು ಕೇಳಿದೆ. ಯಾರೂ ನಗಲಿಲ್ಲ.

ಸಾಕಾಗಿ ಒಂದು ನಿಯಮ ಮಾಡಿದೆ. ಕಾಲೇಜಿನ ಹೊರಗಿನ ಯಾರಾದರೂ ನಿಜವಾಗಿ ಬಳಸುವಂಥದ್ದನ್ನು ಮಾಡಬೇಕು. ಬಳಸಿದವರು "ಇದು ನಮಗೆ ಬೇಕು" ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ನಾನು ಪಾಸು ಹಾಳೆಗೆ ಸಹಿ ಹಾಕುತ್ತೇನೆ. ವಿಭಾಗದ ಮುಖ್ಯಸ್ಥರು ಇದು ಹೆಚ್ಚಾಯಿತು ಎಂದರು. ಹೆಚ್ಚೇ ಆಗಲಿ ಎಂದು ನಾನೂ ಹಟ ಹಿಡಿದೆ. ಧಾರವಾಡದ ತವರಿನಿಂದ ಪುಣೆಗೆ ತಂದ ಸಾಮಾನಿನಲ್ಲಿ ಈ ಹಟವೊಂದೇ ಸವೆಯದೆ ಉಳಿದಿದೆ ಎಂದು ಮನೆಯವರು ಹೇಳುತ್ತಿರುತ್ತಾರೆ.

ಆ ವರ್ಷದ ಗುಂಪುಗಳಲ್ಲಿ ಒಂದರಲ್ಲಿ ಮೂವರಿದ್ದರು. ಒಬ್ಬ ಹುಡುಗ ಸ್ಲೈಡು ಮಾಡುವವನು, ಇನ್ನೊಬ್ಬ ಆ ಸ್ಲೈಡಿಗೆ ಯಾವ ಬಣ್ಣ ಚೆಂದವೆಂದು ಹೇಳುವವನು. ಕೆಲಸ ಮಾಡುವವಳು ಒಬ್ಬಳೇ ಹುಡುಗಿ. ಅವಳ ತಂದೆ ವಿಜಯಪುರದ ಕಡೆಯವರು, ದೇಹೂ ರೋಡಿನ ಸೇನೆಯ ಡಿಪೋದಲ್ಲಿ ಗುಮಾಸ್ತರು. ಅವಳಿಗೆ ಮಗರಪಟ್ಟಾದ ಒಂದು ಕಂಪನಿಯಲ್ಲಿ ಕೆಲಸ ಆಗಲೇ ಸಿಕ್ಕಿತ್ತು. ಆದರೆ ಪಾಸಾದರೆ ಮಾತ್ರ ಕೆಲಸ, ಒಂದು ವಿಷಯ ಉಳಿದರೂ ಇಲ್ಲ. ಮನೆಯಲ್ಲಿ ಅವಳ ಹಿಂದೆ ಇನ್ನೂ ಇಬ್ಬರು ತಂಗಿಯರು ಓದುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು.

ಕಾಲೇಜಿನಿಂದ ಎರಡು ಗಲ್ಲಿ ದಾಟಿದರೆ ಒಂದು ಉಡುಪಿ ಹೋಟೆಲಿದೆ. ಕುಂದಾಪುರದ ಕಡೆಯ ಮಾಲೀಕರು, ಅರವತ್ತು ದಾಟಿದವರು. ನಾನು ಅಲ್ಲಿನ ಹಳೆಯ ಗಿರಾಕಿ. ಹುಡುಗಿಯನ್ನು ಕರೆದುಕೊಂಡು ಹೋಗಿ ನಾನೇ ಮಾತಾಡಿಸಿದೆ. ವೇಟರ್ ಟೇಬಲ್ಲಿನ ಪಕ್ಕ ನಿಂತು ಮೊಬೈಲಿನಲ್ಲಿ ಆರ್ಡರ್ ಒತ್ತಬೇಕು, ಅದು ಅಡುಗೆಮನೆಯ ಗೋಡೆಯ ಮೇಲಿನ ಬೋರ್ಡಿನಲ್ಲಿ ಕಾಣಬೇಕು, ಇಷ್ಟೇ ಯೋಜನೆ. ಕಾಲೇಜಿನ ಹಳೆಯ ಟಿವಿಯೊಂದನ್ನೇ ಬೋರ್ಡು ಮಾಡಿಕೊಂಡೆವು.

"ನಮ್ಮಲ್ಲಿ ಕೂಗಿ ಹೇಳಿದರೆ ಆಯ್ತಲ್ಲ ಮಾರಾಯ್ರೆ, ಇದೆಲ್ಲ ಎಂತಕ್ಕೆ?" ಎಂದರು ಮಾಲೀಕರು.

"ಒಂದು ವಾರ ನೋಡ್ರಿ. ಆದರ ಬೋರ್ಡಿನ ಮ್ಯಾಲೆ ಬಂದಿದ್ದನ್ನ ಮಾತಿಲ್ಲದ ಮಾಡಬೇಕ್ರಿ. ಅರ್ಧ ಕೂಗೂದು, ಅರ್ಧ ಬೋರ್ಡು ಅಂದ್ರ ನಡಿಯೂದಿಲ್ಲ" ಎಂದೆ ನಾನು, ದೊಡ್ಡ ಪಂಡಿತೆಯ ಹಾಗೆ.

ಅವರು ಮಾತಿನ ಮನುಷ್ಯ. ಅಡುಗೆಯವರನ್ನೆಲ್ಲ ಕರೆದು, ಇನ್ನು ಬೋರ್ಡಿನಲ್ಲಿ ಬಂದದ್ದೇ ಆರ್ಡರ್, ಯಾರೂ ಎದುರು ಪ್ರಶ್ನೆ ಕೇಳುವ ಹಾಗಿಲ್ಲ ಎಂದು ನನ್ನೆದುರೇ ಹೇಳಿಬಿಟ್ಟರು.

ಮೊದಲೆರಡು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಶನಿವಾರ ಬೆಳಿಗ್ಗೆ ನಾನು ತರಗತಿಯಲ್ಲಿದ್ದಾಗ ಫೋನು ಬಂತು.

"ಮೇಡಂ, ನಲವತ್ತು ಮಸಾಲೆ ದೋಸೆ ಪಾರ್ಸೆಲ್ ರೆಡಿ ಉಂಟು. ಈ ಎಕ್ಸ್‌ವೈಝಡ್ ಅನ್ನುವವರು ಎಷ್ಟು ಹೊತ್ತಿಗೆ ಬರ್ತಾರೆ? ದೋಸೆ ತಣಿದು ಹೋಗ್ತಾ ಉಂಟು."

ಕಂಪ್ಯೂಟರ್ ಓದಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಏನನ್ನಾದರೂ ಒಂದಿಷ್ಟು ಬದಲಾಯಿಸಿದರೆ, ಸರಿಯಾಗಿದೆಯೋ ಇಲ್ಲವೋ ನೋಡಲು ಇವರು ಬಾಯಿಗೆ ಬಂದ ಹೆಸರು, ಕೈಗೆ ಬಂದ ಸಂಖ್ಯೆ ಹಾಕುತ್ತಾರೆ. ಕಾಲೇಜಿನಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ; ಇಲ್ಲಿ ನೇರ ಅಡುಗೆಮನೆಯ ಬೋರ್ಡಿಗೆ ಹೋಗಿತ್ತು. ಎಕ್ಸ್‌ವೈಝಡ್ ಎಂಬಾತ ಇವರ ಆಸ್ಪತ್ರೆಯಲ್ಲಿ ರೋಗಿ, ಗ್ರಂಥಾಲಯದಲ್ಲಿ ಸದಸ್ಯ, ಬ್ಯಾಂಕಿನಲ್ಲಿ ಖಾತೆದಾರ. ಪರೀಕ್ಷಿಸಿ ನೋಡಲು ಬೇರೆ ಪ್ರತಿ ಇಟ್ಟುಕೊಳ್ಳಿ, ನಿಜವಾದದ್ದನ್ನು ಮುಟ್ಟಬೇಡಿ ಎಂದು ನಾನು ಗಂಟಲು ಹರಿದುಕೊಂಡು ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

ಹುಡುಗಿಗೆ ಫೋನು ಮಾಡಿದೆ. "ಏನವಾ, ಏನ್ ಮಾಡ್ಕೊಂಡು ಕೂತಿ?"

"ದೊಡ್ಡ ನಂಬರ್ ಬಂದ್ರ ಬೋರ್ಡಿನ್ಯಾಗ ಹಿಡಸ್ತದೋ ಇಲ್ಲೋ ಅಂತ ನೋಡಾಕತ್ತಿದ್ದೆ ಮ್ಯಾಡಂ. ಯಾಕ್ರಿ?"

"ಹಿಡಸೇತಿ. ನಲವತ್ತೂ ಹಿಡಸ್ಯಾವು. ಚಟ್ನಿ ಸಾಂಬಾರ್ ಸೈತ ಕಟ್ಟಿ ಇಟ್ಟಾರ. ನೀ ಮೊದಲ ಹೊಂಟು ಬಾ."

ಅವಳು ದೇಹೂ ರೋಡಿನಿಂದ ಲೋಕಲ್ ರೈಲು ಹಿಡಿದು ಬರುವಷ್ಟರಲ್ಲಿ ನಾನು ಹೋಟೆಲಿನಲ್ಲಿದ್ದೆ. ಕೌಂಟರಿನ ಮೇಲೆ ಪೊಟ್ಟಣಗಳ ಗೋಡೆಯೇ ಎದ್ದಿತ್ತು. ಹಂಚಿನ ಮುಂದಿನ ಅಡುಗೆಯವನು ಬೆವರು ಒರೆಸಿಕೊಳ್ಳುತ್ತ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಟೇಬಲ್ಲಿನಲ್ಲಿ ಕೂತ ಗಿರಾಕಿಗಳು ತಮ್ಮ ದೋಸೆ ಎಲ್ಲಿ ಎಂದು ಮರಾಠಿಯಲ್ಲಿ ಗದರುತ್ತಿದ್ದರು. ನನ್ನ ಮಾತು ಕೇಳಿ ಹೋಟೆಲಿನವರು ಆ ಗಿರಾಕಿಗಳನ್ನೆಲ್ಲ ಬಿಟ್ಟು ಬೋರ್ಡಿನ ಮಾತನ್ನೇ ನಡೆಸಿದ್ದರು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

ದುಡ್ಡು ಕೊಡಲು ನಾನು ಚೀಲಕ್ಕೆ ಕೈಹಾಕಿದ್ದನ್ನು ನೋಡಿ ಮಾಲೀಕರು ಬೇಡವೆಂದು ತಲೆಯಾಡಿಸಿದರು. ಪೊಟ್ಟಣಗಳನ್ನೆಲ್ಲ ಕಾಲೇಜಿಗೆ ಹೊರಿಸಿ ತಂದು ಇಡೀ ತರಗತಿಗೆ ಹಂಚಿದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇಷ್ಟು ಸರಿಯಾಗಿ ಹೊಂದಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಸ್ಲೈಡಿನ ಹುಡುಗ ಮೂರು ತಿಂದ. ಹುಡುಗಿ ಒಂದನ್ನೂ ಮುಟ್ಟಲಿಲ್ಲ.

ಮರುದಿನ ನೋಡಿದರೆ ಬೋರ್ಡಿಗೆ ಒಂದು ಟವೆಲು ಹೊದಿಸಿತ್ತು. ಕೂಗಾಟ ಮತ್ತೆ ಶುರುವಾಗಿತ್ತು. "ನಿಮ್ಮ ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರ್ಲಿ ಮೇಡಂ, ನಾನು ತೆಗೆಯುವುದಿಲ್ಲ. ಆದರೆ ನಾವು ನೋಡುವುದೂ ಇಲ್ಲ" ಎಂದರು ಮಾಲೀಕರು. ಸಿಟ್ಟಿಲ್ಲದೆ ಹೇಳಿದರು, ಅದೇ ಹೆಚ್ಚು ಚುಚ್ಚಿತು.

ಈಗ ನನ್ನ ನಿಯಮ ನನ್ನ ಕಾಲಿಗೇ ಸುತ್ತಿಕೊಂಡಿತು. ಬಳಸುವವರು ಬೇಡವೆಂದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಮಗರಪಟ್ಟಾದ ಕೆಲಸವೂ ಇಲ್ಲ. ಆಸ್ಪತ್ರೆ ನಿರ್ವಹಣೆಯನ್ನು ಕೊಂಡು ತಂದವರು, ಗೆಳೆಯನ ಚಿಕ್ಕಪ್ಪನ ಬಾಯಲ್ಲಿ "ನಮ್ಮ ದವಾಖಾನೆಯಲ್ಲಿ ಬಳಸುತ್ತಿದ್ದೇವೆ" ಎಂದು ಹೇಳಿಸಿಕೊಂಡು ಸಲೀಸಾಗಿ ಮುಂದೆ ಹೋಗಿದ್ದರು. ಕೈಯಾರೆ ಕೆಲಸ ಮಾಡಿದ ಒಬ್ಬಳೇ ಒಬ್ಬಳು ಫೇಲಾಗುವುದರಲ್ಲಿದ್ದಳು. ಮುಖ್ಯಸ್ಥರು "ಬಿಟ್ಟುಬಿಡಿ, ಸಹಿ ಹಾಕಿ" ಎಂದರು. ಅವಳ ಸಲುವಾಗಿ ಹಾಕಿಬಿಡೋಣವೆಂದು ನನಗೂ ಅನ್ನಿಸಿತು. ಆದರೆ ಸುಳ್ಳು ಸಹಿ ಹಾಕಿದರೆ ಆ ರೋಗಿಯ ಪಕ್ಕದ ಹಾಸಿಗೆಯಲ್ಲಿ ನಾನೂ ಮಲಗಿದ ಹಾಗೆ. ಆಗಲಿಲ್ಲ.

ಹುಡುಗಿ ನನ್ನ ಬಳಿ ಅಳುತ್ತ ಬರುತ್ತಾಳೆಂದು ಕಾದೆ. ಬರಲಿಲ್ಲ. ಹೋಟೆಲಿಗೆ ಹೋಗಿದ್ದಳು. ಬೆಳಿಗ್ಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. ಪರೀಕ್ಷಿಸಿ ನೋಡಲು ಬೇರೆ ಪ್ರತಿ ಮಾಡಿ ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಳು. ಟಿವಿಯ ಕೆಳಗೆ ತನ್ನ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು. ಕೊನೆಗೆ ಮಾಲೀಕರಿಗೆ ಮಾತು ಕೊಟ್ಟಳು: "ಇನ್ನ ಮ್ಯಾಲೆ ನಿಮ್ಮ ಬೋರ್ಡಿಗೆ ಒಂದೂ ಸುಳ್ಳು ಆರ್ಡರ್ ಹಾಕೂದಿಲ್ರಿ. ಯಾರ್ ಹೇಳಿದ್ರೂ ಹಾಕೂದಿಲ್ಲ." ಟವೆಲು ಇಳಿಯಿತು. ಆದರೆ "ಬೇಕು" ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. "ನೋಡುವ" ಎಂದಷ್ಟೇ ಹೇಳಿದರು.

ನೋಡುವ, ನೋಡುವ ಎನ್ನುತ್ತಲೇ ವೈವಾ ದಿನ ಬಂತು. ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಆಸ್ಪತ್ರೆಯವರು ಮೊದಲು ಹೋದರು. ಎಕ್ಸ್‌ವೈಝಡ್ ಅವರಿಗೆ ಹಾಸಿಗೆ ಸಿಕ್ಕಿತು, ಔಷಧ ಸಿಕ್ಕಿತು, ಬಿಲ್ಲಾಯಿತು, ಪರೀಕ್ಷಕರು ತಲೆದೂಗಿದರು. ನಾನು ಹಲ್ಲು ಕಚ್ಚಿಕೊಂಡು ಕೂತೆ.

ಹುಡುಗಿಯ ಸರದಿ ಬಂದಾಗ ಮಧ್ಯಾಹ್ನ ಮೂರರ ಹೊತ್ತು. ಊಟದ ಗದ್ದಲ ಮುಗಿದು ಸಂಜೆಯ ಕಾಫಿಗೆ ಇನ್ನೂ ಸಮಯವಿತ್ತು. ಪರದೆಯ ಮೇಲೆ ಹೋಟೆಲಿನ ಬೋರ್ಡು ತೆರೆದುಕೊಂಡಿತು. ಖಾಲಿ. ಒಂದೂ ಆರ್ಡರ್ ಇಲ್ಲ.

"ಏನೂ ಕಾಣುತ್ತಿಲ್ಲವಲ್ಲ. ಕಾಹೀತರೀ ಟಾಕಾ, ಏನಾದರೂ ಹಾಕಿ" ಎಂದರು ಪರೀಕ್ಷಕರು.

ಹುಡುಗಿ ಮರಾಠಿಯಲ್ಲೇ, ಸರ್, ಹಾಕಲಾಗುವುದಿಲ್ಲ, ಹಾಕಿದರೆ ಅಲ್ಲಿ ಮಾಡಿಬಿಡುತ್ತಾರೆ ಎಂದಳು. ಲ್ಯಾಪ್‌ಟಾಪಿನಲ್ಲಿ ಬೇರೆ ಪ್ರತಿ ಇದೆ, ತೋರಿಸಲೇ ಎಂದು ಕೇಳಿದಳು. ಪರೀಕ್ಷಕರಿಗೆ ಅನುಮಾನ ಬಂತು. ಹಾಳೆಯಲ್ಲಿ ಬಳಕೆಯಲ್ಲಿದೆ ಎಂದು ಬರೆದಿದ್ದೀರಿ, ಬಳಕೆಯಲ್ಲಿರುವುದನ್ನೇ ತೋರಿಸಿ, ಇಲ್ಲವಾದರೆ ನಾನು ಅಂಕ ಎಲ್ಲಿಂದ ಕೊಡಲಿ ಎಂದರು. ಸ್ಲೈಡಿನ ಹುಡುಗ ಮೆಲ್ಲಗೆ ಕೀಬೋರ್ಡಿನತ್ತ ಕೈ ಚಾಚಿದ. ಅವಳು ಆ ಕೈಯ ಮೇಲೆ ಒಂದು ಏಟು ಕೊಟ್ಟಳು. ಎಲ್ಲರೆದುರಿಗೇ ಕೊಟ್ಟಳು.

ಆಮೇಲೆ ನನ್ನತ್ತ ತಿರುಗಿದಳು. "ನಾ ಮಾತ್ ಕೊಟ್ಟೀನ್ರಿ ಮ್ಯಾಡಂ. ಫೇಲ್ ಮಾಡ್ರಿ ಬೇಕಾದ್ರ."

ಎಲ್ಲರ ಮೇಲೂ ಸಿಟ್ಟು ಬಂತು ನನಗೆ. ಪರೀಕ್ಷಕರ ಮೇಲೆ, ಆಸ್ಪತ್ರೆಯವರ ಮೇಲೆ, ಮೂರು ಗಂಟೆಗೆ ಹಸಿವಾಗದ ಶಿವಾಜಿನಗರದ ಜನರ ಮೇಲೆ. ಬೆಳಗಿನಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆಗ ಹೊಳೆಯಿತು.

"ಹಾಕವಾ. ನಾಕು ಕಾಫಿ, ನಾಕು ಪ್ಲೇಟ್ ಬನ್ಸ್, ಪಾರ್ಸೆಲ್. ನನ್ನ ಹೆಸರ ಹಾಕು."

"ಖರೇನ ತಿಂತೀರೇನ್ರಿ?"

"ತಿಂತೇನಿ. ಆಣೆ ಮಾಡ್ಲೇನು?"

ಅವಳು ಒತ್ತಿದಳು. ಬೋರ್ಡಿನಲ್ಲಿ ನನ್ನ ಹೆಸರು ಬಂತು. ಸ್ವಲ್ಪ ಹೊತ್ತಿಗೆ ಅದರ ಬಣ್ಣ ಬದಲಾಯಿತು, ಅಂದರೆ ಅಡುಗೆಯವನು ಕೈಗೆತ್ತಿಕೊಂಡಿದ್ದ. ಇನ್ನಷ್ಟು ಹೊತ್ತಿಗೆ ಸಾಲು ಅಳಿಸಿಹೋಯಿತು, ಅಂದರೆ ಪಾರ್ಸೆಲ್ ಕಟ್ಟಿ ಮುಗಿದಿತ್ತು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಬಾಗಿಲಾಚೆ ಮುಂದಿನ ಗುಂಪು ಗುಜುಗುಜು ಎನ್ನುತ್ತಿತ್ತು. ನಾನು ಸುಮ್ಮನೆ ಬಾಗಿಲನ್ನೇ ನೋಡುತ್ತಿದ್ದೆ.

ವೇಟರ್ ಬರುತ್ತಾನೆಂದುಕೊಂಡಿದ್ದೆ. ಬಂದವರು ಮಾಲೀಕರು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಪೊಟ್ಟಣದ ಚೀಲ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಈ ಸಲದ ಗಿರಾಕಿ ನಿಜವಾಗಿ ಉಂಟಾ ಇಲ್ಲವಾ ಅಂತ ನೋಡ್ಲಿಕ್ಕೆ ನಾನೇ ಬಂದೆ" ಎಂದರು.

ಹುಡುಗಿ ನನ್ನನ್ನು ತೋರಿಸಿದಳು. ನಾನು ಅಲ್ಲೇ, ಪರೀಕ್ಷೆಯ ಕೋಣೆಯಲ್ಲೇ, ಅವರೆದುರಿಗೇ ಒಂದು ಬನ್ಸು ಮುರಿದು ಬಾಯಿಗೆ ಹಾಕಿಕೊಂಡೆ. ಅವರಿಗೆ ಸಮಾಧಾನವಾಯಿತು. ಪರೀಕ್ಷಕರಿಗೂ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟರು. ಅವರು ಬೇಡವೆನ್ನಲಿಲ್ಲ.

ಸಮಯ ಸಿಕ್ಕಿತೆಂದು ನಾನು ಕೇಳಿಯೇಬಿಟ್ಟೆ. "ಮಾಲಕ್ರ, ಈಗಾದ್ರೂ ಹೇಳ್ರಿ. ಈ ಬೋರ್ಡು ನಿಮಗ ಬೇಕೋ ಬ್ಯಾಡೋ?"

ಅವರು ನನಗೆ ಉತ್ತರ ಕೊಡದೆ ಹುಡುಗಿಯನ್ನು ನೋಡಿದರು. "ನೀನು ಕೆಲಸಕ್ಕೆ ಹೋಗ್ತೀ. ಆಮೇಲೆ ಇದು ಕೆಟ್ಟರೆ ನಾನು ಯಾರನ್ನು ಕೇಳುವುದು ಹೇಳು."

ಇಷ್ಟು ವರ್ಷದಲ್ಲಿ ಯಾವ ಪರೀಕ್ಷಕರೂ ಕೇಳದ ಪ್ರಶ್ನೆ ಅದು. ವೈವಾ ಮುಗಿದ ಮರುದಿನ ನಮ್ಮ ಎಲ್ಲ ಪ್ರಾಜೆಕ್ಟುಗಳೂ ಸಾಯುತ್ತವೆ. ನಾನೂ ಎಂದೂ ಕೇಳಿದವಳಲ್ಲ.

"ನನ್ನ ನಂಬರ್ ಬೋರ್ಡಿನ ಕೆಳಗ ಬರದೀನಲ್ರಿ. ಫೋನ್ ಹಚ್ರಿ, ಎತ್ತತೀನಿ" ಎಂದಳು ಅವಳು.

"ಹಾಗಾದರೆ ಬೇಕು" ಎಂದರು ಮಾಲೀಕರು. ಫ್ಲಾಸ್ಕು ಎತ್ತಿಕೊಂಡು ಹೊರಟುಹೋದರು.

ಸಹಿ ಹಾಕಿದೆ. ಆದರೆ ಪರೀಕ್ಷಕರು ಅಂಕದ ಹಾಳೆ ಹಿಡಿದು ಕೂತೇ ಇದ್ದರು. ರೇಖಾಚಿತ್ರಗಳಿಗೆ ಇಷ್ಟು, ಸ್ಲೈಡಿಗೆ ಇಷ್ಟು, ಮುಂದಿನ ವಿಸ್ತರಣೆಗೆ ಇಷ್ಟು ಎಂದು ಕಾಲಂಗಳಿದ್ದವು. ಈಗ ನಡೆದದ್ದನ್ನು ಯಾವ ಕಾಲಂನಲ್ಲಿ ಹಾಕಲಿ, ಇದಕ್ಕೆ ಕಾಲಂ ಇಲ್ಲವಲ್ಲ ಎಂದು ನನ್ನನ್ನೇ ಕೇಳಿದರು.

"ಕಾಫಿಗೂ ಕಾಲಂ ಇಲ್ಲ. ಕುಡಿದಿರಲ್ಲ" ಎಂದೆ.

ಮರಾಠಿಯಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತಂತೆ. ಮುಖ್ಯಸ್ಥರು ಆಮೇಲೆ ಕರೆದು ಬೈದರು. ಹುಡುಗಿ ಪಾಸಾದಳು. ಆಸ್ಪತ್ರೆಯವರಿಗೆ ಅವಳಿಗಿಂತ ಹೆಚ್ಚು ಅಂಕ ಬಂತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಆ ಹೋಟೆಲಿನಲ್ಲಿ ಕೂತಿದ್ದೆ. ಬೆಳಗಿನ ಗದ್ದಲದ ನಡುವೆ ಬೋರ್ಡು ಕಪ್ಪಾಗಿ ನಿಂತಿತು. ಮಾಲೀಕರು ಅಡುಗೆಮನೆಗೆ ಹೋಗಿ ಬೋರ್ಡಿನ ಕೆಳಗಿನ ನಂಬರು ಓದಿ, ಸ್ಪೀಕರ್ ಹಾಕಿ ಫೋನು ಹಚ್ಚಿದರು; ನಾನೂ ಎದ್ದು ಬಾಗಿಲಲ್ಲಿ ನಿಂತೆ. ಮೊದಲ ರಿಂಗಿಗೇ ಎತ್ತಿದಳು. ಆಚೆಯ ದನಿ ನನಗೂ ಕೇಳಿಸಿತು.

"ಒಂದೈದ್ ಮಿನಿಟ್ ತಡೀರಿ ಮಾಲಕ್ರ, ಮೀಟಿಂಗ್ ನಡದದ."

"ಮೀಟಿಂಗ್ ಆಮೇಲೆ ಮಾರಾಯ್ತಿ! ಇಲ್ಲಿ ಹಂಚಿನ ಮೇಲೆ ದೋಸೆ ಉಂಟು!"

"ಆತ್ರಿ, ಹೊರಗ ಬಂದೆ. ಹೇಳ್ರಿ, ಏನ್ ಕಾಣಸ್ತದ?"

ಮಾತಾಡುತ್ತಿದ್ದಂತೆಯೇ ಬೋರ್ಡು ಬೆಳಗಿತು. ನನಗೆ ಆ ಕಾಲಂ ಇಲ್ಲದ ಹಾಳೆ ನೆನಪಾಗಿ ಮತ್ತೆ ಸಿಟ್ಟು ಬಂತು. ಇನ್ನೊಂದು ಕಾಫಿ ಹೇಳಿದೆ. ವೇಟರ್ ಅದನ್ನು ಒತ್ತಿ, ನಿಜವಾಗಿ ಬೇಕಲ್ಲ ಮೇಡಂ ಎಂದು ಇನ್ನೊಮ್ಮೆ ಕೇಳಿದ.