ಗ್ಯಾಲೋವೇ ಕಪಾಟು

ತೆರೇಸಾಗೆ ಹೆದರಿಕೆ ಯಾವಾಗ ಶುರುವಾಯಿತು ಎಂದು ಕೇಳಿದರೆ ಹೆಜಮಾಡಿಯ ಅಳಿವೆಯ ಕಡೆ ಬೆರಳು ತೋರಿಸಬೇಕು. ಸಣ್ಣವಳಿದ್ದಾಗ ಅಮ್ಮನ ಜೊತೆ ಮರುವಾಯಿ ಚಿಪ್ಪು ಹೆಕ್ಕಲು ಹೋಗಿದ್ದಳು. ನದಿ ಸಮುದ್ರ ಸೇರುವ ಮರಳ ದಿಬ್ಬದ ಮೇಲೆ ಚಿಪ್ಪು ಆರಿಸುತ್ತ ಮೈಮರೆತಿದ್ದಾಗ ಉಬ್ಬರದ ನೀರು ಸದ್ದಿಲ್ಲದೆ ಹಿಂದಿನಿಂದ ಬಂದು ದಾರಿ ಮುಚ್ಚಿಬಿಟ್ಟಿತು. ಎದೆಮಟ್ಟದ ನೀರಿನಲ್ಲಿ ಅಮ್ಮ ಜಡೆ ಹಿಡಿದು ದಡಕ್ಕೆ ಎಳೆದು ತಂದಳು. ಅಂದಿನಿಂದ ತೆರೇಸಾ ಹೆದರುವುದನ್ನು ಒಂದು ಕಸುಬಿನ ಹಾಗೆ ಶ್ರದ್ಧೆಯಿಂದ ನಡೆಸಿಕೊಂಡು ಬಂದಳು. ನಾಯಿಗೆ ಹೆದರಿದಳು, ಎಸ್ಕಲೇಟರಿಗೆ ಹೆದರಿದಳು, ಸರ್ಕಾರದ ಮುದ್ರೆ ಬಿದ್ದ ಲಕೋಟೆಗೆ ಹೆದರಿದಳು. ಗಂಡ ತೀರಿಕೊಂಡ ಮೇಲೆ ಮಗಳು ಲೀಶಾ ಬಾಣಂತನಕ್ಕೆಂದು ಸಿಡ್ನಿಗೆ ಕರೆಸಿಕೊಂಡಾಗ ವಿಮಾನದಲ್ಲಿ ಉದ್ದಕ್ಕೂ ಜಪಸರ ಕೈಬಿಡಲಿಲ್ಲ. ಅದನ್ನು ನೋಡಿ ಪಕ್ಕದ ಸೀಟಿನವನಿಗೂ ಹೆದರಿಕೆ ಹತ್ತಿತಂತೆ.

ಇಂಥವಳು ಪರದೇಶದಲ್ಲಿ ಕೆಲಸಕ್ಕೆ ಸೇರಿದ್ದು ಧೈರ್ಯ ಬಂದು ಅಲ್ಲ. ಮೊಮ್ಮಗು ಚೈಲ್ಡ್‌ಕೇರ್‌ಗೆ ಹೋಗತೊಡಗಿದ ಮೇಲೆ ಸಿಡ್ನಿಯ ಗಿರಾವೀನ್‌ನಲ್ಲಿದ್ದ ಮಗಳ ಮನೆಯಲ್ಲಿ ಹಗಲಿಡೀ ಒಬ್ಬಳೇ ಕೂರಲು ಹೆದರಿಕೆಯಾಯಿತು, ಅಷ್ಟೇ. ಮುದುಕರನ್ನು ನೋಡಿಕೊಳ್ಳುವ ಒಂದು ಸಣ್ಣ ಕೋರ್ಸ್ ಮಾಡಿದಳು. ಏಜೆನ್ಸಿಯವರು ಅವಳನ್ನು ಪಕ್ಕದ ಸಬರ್ಬಿನಲ್ಲಿದ್ದ ಮಿಸ್ಟರ್ ಆಗ್ನ್ಯೂ ಎಂಬ ಒಂಟಿ ಮುದುಕರ ಮನೆಗೆ ಕಳಿಸಿದರು. ಅದು ಎರಡು ಸಾವಿರದ ಐದನೇ ಇಸವಿ.

ಆಗ್ನ್ಯೂ ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಗ್ಯಾಲೋವೇ ಸೀಮೆಯವರು. ಹರೆಯದಲ್ಲಿ ಹಡಗು ಹತ್ತಿ ಬಂದು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು, ಹೆಂಡತಿಯನ್ನು ಇಲ್ಲೇ ಮಣ್ಣು ಮಾಡಿದ್ದರು. ಅವರ ಮುಂಗೋಣೆಯ ಗೋಡೆಯುದ್ದಕ್ಕೂ ಒಂದು ಕಪಾಟಿತ್ತು. ಅದರಲ್ಲಿ ಕಥೆಯಿಲ್ಲ, ಕಾದಂಬರಿಯಿಲ್ಲ, ಬೈಬಲ್ಲೂ ಇಲ್ಲ. ಇದ್ದದ್ದೆಲ್ಲ ಆ ಒಂದೇ ಸೀಮೆಯ ಪುಸ್ತಕಗಳು. ಗ್ಯಾಲೋವೇಯ ಹಕ್ಕಿಗಳು, ಗ್ಯಾಲೋವೇಯ ಕಾಡುಹೂಗಳು, ಬಂಡೆಗೆ ಬಡಿದು ಒಡೆದ ಹಡಗುಗಳು, ಯಾವ ಗುಡ್ಡಕ್ಕೆ ಯಾಕೆ ಆ ಹೆಸರು ಬಂತು, ಯಾವ ಇಗರ್ಜಿಯ ಅಂಗಳದಲ್ಲಿ ಯಾರನ್ನು ಹೂಳಿದ್ದಾರೆ ಎಂಬಿತ್ಯಾದಿ. ಕೆಲವು ದಪ್ಪ ಹೊತ್ತಗೆಗಳು. ಇನ್ನು ಕೆಲವು ಊರ ಮೇಷ್ಟರು ತಾವೇ ಬರೆದು ಪಿನ್ನು ಹೊಡೆದ ಪುಸ್ತಿಕೆಗಳು. ಆಗ್ನ್ಯೂ ಅಲ್ಲಿಂದ ಅಂಚೆಯಲ್ಲಿ ಒಂದೊಂದಾಗಿ ತರಿಸಿಕೊಂಡಿದ್ದರು. ಈಗ ಅವರ ಕಣ್ಣಿನ ನಡುವೆ ಮಂಜು ಕವಿದು ಅಕ್ಷರ ಕಾಣುತ್ತಿರಲಿಲ್ಲ.

ಓದಿ ಹೇಳುವ ಕೆಲಸ ತೆರೇಸಾಗೆ ಬಿತ್ತು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಪ್ರಾರ್ಥನೆ ಒಪ್ಪಿಸುವ ರಾಗದಲ್ಲೇ ಓದುತ್ತಿದ್ದಳು. ಆಗ್ನ್ಯೂ ಅವರ ಹುಬ್ಬು ಮೇಲೆ ಹೋದರೆ ಊರಿನ ಹೆಸರು ತಪ್ಪಿತೆಂದು ಅರ್ಥ. ಬಾವಿಯಲ್ಲಿ ಕೊಡ ಮುಳುಗಿಸಿದ ಹಾಗೆ ಗಂಟಲಿನಿಂದ ಹೊರಡಿಸಬೇಕಾದ ಆ ಹೆಸರುಗಳನ್ನು ಅವರು ಹೇಳಿಕೊಡುವುದು, ಇವಳು ಮತ್ತೆ ತಪ್ಪುವುದು, ಇಬ್ಬರೂ ನಗುವುದು. ಚಳಿಗಾಲಕ್ಕೆ ಉತ್ತರಧ್ರುವದ ಕಡೆಯಿಂದ ಬಂದು ಕೆಸರುಗದ್ದೆಯಲ್ಲಿ ಇಳಿಯುವ ಹೆಬ್ಬಾತುಗಳು, ಹೊಟ್ಟೆಯ ಸುತ್ತ ಬಿಳಿ ಪಟ್ಟಿಯಿರುವ ಕಪ್ಪು ದನಗಳು, ಗುಡ್ಡದ ತುಂಬ ನೇರಳೆ ಬಣ್ಣದ ಹೀದರ್ ಹೂ, ಎಲ್ಲವೂ ಅವಳಿಗೆ ಬಾಯಿಪಾಠವಾದವು. ವರ್ಷ ಕಳೆಯುವುದರೊಳಗೆ ಹಾರ್ಬರ್ ಬ್ರಿಡ್ಜ್‌ಗಿಂತ ಅಲ್ಲಿಯ ಕ್ರೀ ನದಿಯ ಸೇತುವೆಗಳೇ ಅವಳಿಗೆ ಹೆಚ್ಚು ಪರಿಚಯವಾಗಿದ್ದವು. ಆ ಮನೆಯಲ್ಲಿದ್ದಷ್ಟು ಹೊತ್ತು ಹೆದರಿಕೆ ಬಾಗಿಲ ಹೊರಗೇ ನಿಂತಿರುತ್ತಿತ್ತು.

ಒಂದು ಅಧ್ಯಾಯ ಮಾತ್ರ ಅವಳು ಓದಲಿಲ್ಲ. ಹಿಂದೆ ಯಾವುದೋ ಕಾಲದಲ್ಲಿ, ಧರ್ಮದ ಜಗಳದಲ್ಲಿ, ವಿಗ್ಟೌನ್ ಎಂಬಲ್ಲಿ ಇಬ್ಬರು ಹೆಂಗಸರನ್ನು ಇಳಿತದ ಹೊತ್ತಿನಲ್ಲಿ ಗೂಟಕ್ಕೆ ಕಟ್ಟಿ, ಉಬ್ಬರಕ್ಕೆ ಬಿಟ್ಟು ಮುಳುಗಿಸಿದ್ದರಂತೆ. ಮೊದಲ ಸಾಲು ಕಂಡ ಕೂಡಲೇ ತೆರೇಸಾಗೆ ಅಳಿವೆ ನೆನಪಾಯಿತು. ಪುಟಗಳನ್ನು ಒಟ್ಟಿಗೆ ಮಗುಚಿ ಮುಂದಿನದನ್ನು ಓದಿದಳು. ಆಗ್ನ್ಯೂ ಹುಟ್ಟಿದ್ದೇ ಆ ಊರಿನ ಪಕ್ಕದಲ್ಲಿ, ಗೊತ್ತಾಗದೆ ಇರುತ್ತದೆಯೇ? ಆದರೂ ಹುಬ್ಬು ಏರಿಸಲಿಲ್ಲ.

ಎರಡು ಸಾವಿರದ ಏಳರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೆರೇಸಾ ಬಾಗಿಲು ತೆರೆದಾಗ ಕಪಾಟಿನ ಕೆಳಗಿನ ಸಾಲು ಖಾಲಿಯಿತ್ತು. ಪುಸ್ತಕಗಳೆಲ್ಲ ಊಟದ ಮೇಜಿನ ಮೇಲೆ, ಕುರ್ಚಿಗಳ ಮೇಲೆ. ಉಬ್ಬರದ ನೀರು ಬರುವ ಹೊತ್ತಾಯಿತಲ್ಲ, ಒದ್ದೆಯಾಗಬಾರದು ಎಂದು ಆಗ್ನ್ಯೂ ತೀರ ಸಹಜವಾಗಿ ಹೇಳಿದರು. ಆಮೇಲೆ ತಾವೇ ತಬ್ಬಿಬ್ಬಾಗಿ, ಕಿಟಕಿಯಾಚೆಯ ಒಣ ಹುಲ್ಲನ್ನು ದಿಟ್ಟಿಸಿ, ಅವಳ ಮೊಣಕೈ ಹಿಡಿದುಕೊಂಡರು.

"ತೆರೇಸಾ, ಇಯನ್‌ಗೆ ಹೇಳಬೇಡ. ನನ್ನನ್ನು ಈ ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ."

ಇಯನ್ ಎಂದರೆ ಮೆಲ್ಬರ್ನ್‌ನಲ್ಲಿದ್ದ ಮಗ. ತೆರೇಸಾ ಹೇಳಲಿಲ್ಲ. ಆದರೆ ಅಂದಿನಿಂದ ಅವಳ ಹೆದರಿಕೆಗೆ ಎರಡು ಬಾಯಿ. ಹೇಳಿದರೆ ಅವರು ಮನೆ ಕಳೆದುಕೊಳ್ಳುತ್ತಾರೆ. ಹೇಳದೆ ಇದ್ದು ಏನಾದರೂ ಆದರೆ ಅದು ತನ್ನ ತಲೆಗೆ. ಗಿರಾವೀನ್‌ನ ಅನಸೂಯ ಎಂಬ ಗೆಳತಿಯ ಹತ್ತಿರ ಮಾತ್ರ ಬಾಯಿಬಿಟ್ಟಳು. ಬೆಂಗಳೂರಿನ ಹುಡುಗಿ, ಸುತ್ತಿ ಬಳಸಿ ಮಾತಾಡುವವಳಲ್ಲ.

"ಸುಮ್ನೆ ರಿಸ್ಕ್ ತಗೋಬೇಡಿ ಆಂಟಿ, ಏಜೆನ್ಸಿಗೆ ರಿಪೋರ್ಟ್ ಮಾಡ್ಬಿಡಿ."

"ರಿಪೋರ್ಟ್ ಮಾಡಿದ್ರೆ ಅವರನ್ನು ಕರ್ಕೊಂಡು ಹೋಗ್ತಾರೆ ಮಾರಾಯ್ತಿ. ಆ ಪುಸ್ತಕ ಬಿಟ್ರೆ ಆ ಜೀವಕ್ಕೆ ಬೇರೆ ಎಂತ ಉಂಟು?"

ಮುಂದಿನ ದಿನಗಳಲ್ಲಿ ಅವಳು ಮನೆಗೆ ಕಾಲಿಡುವ ಮೊದಲು ಕಿಟಕಿಯಿಂದ ಇಣುಕುತ್ತಿದ್ದಳು. ಕಪಾಟು ಸರಿಯಾಗಿದ್ದರೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಬರುತ್ತಿದ್ದಳು. ಎಷ್ಟೋ ದಿನ ಎಲ್ಲವೂ ಸರಿಯಾಗೇ ಇರುತ್ತಿತ್ತು. ಆಗ್ನ್ಯೂ ಎಂದಿನಂತೆ ಹುಬ್ಬು ಹಾರಿಸುತ್ತಿದ್ದರು, ಹೆಸರು ತಿದ್ದುತ್ತಿದ್ದರು. ಆದರೆ ನಡುವೆ ಮಾತು ನಿಲ್ಲಿಸಿ ಅವರು ತುಸು ಯೋಚಿಸಿದರೂ ಸಾಕು, ತೆರೇಸಾ ತಟ್ಟನೆ ತಾನೇ ಆ ಮಾತು ಮುಗಿಸಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಬರುವುದರೊಳಗೆ ಮನೆ ತೆರೆದಿತ್ತು, ಕುರ್ಚಿ ಖಾಲಿ. ತೆರೇಸಾ ಚೀಲ ಅಲ್ಲೇ ಬಿಸಾಡಿ ಬೀದಿಗೆ ಓಡಿದಳು. ಯಾರನ್ನು ಕೇಳುವುದು? ಬೀದಿಯ ಕೊನೆಯಲ್ಲಿ ಒಂದು ತೊರೆ. ಹಿಂದಿನ ದಿನದ ಮಳೆಗೆ ಕೆಂಪಗೆ ಹರಿಯುತ್ತಿತ್ತು. ಅದರ ಅಂಚಿನಲ್ಲಿ, ಜಾರುವ ಮಣ್ಣಿನ ಮೇಲೆ, ಮನೆಯ ಚಪ್ಪಲಿಯಲ್ಲಿ ಆಗ್ನ್ಯೂ ನಿಂತಿದ್ದರು. ಎದೆಗೆ ಒಂದು ಪುಸ್ತಕ ಅವಚಿಕೊಂಡಿದ್ದರು. ಕೂಗಿದರೆ ಬೆಚ್ಚಿ ಬೀಳುತ್ತಾರೆಂದು ತೆರೇಸಾ ಕೂಗಲಿಲ್ಲ. ಅಳಿವೆಯ ನಂತರ ನೀರಿನ ಹತ್ತಿರ ಹೋಗದವಳು ಕುಂಡೆ ಊರಿಕೊಂಡು ಆ ಇಳಿಜಾರಿಗೆ ಇಳಿದು, ಅವರ ಕೋಟಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ಅವರು ಹೆಬ್ಬಾತುಗಳಿಗೆ ಕಾಯುತ್ತಿದ್ದರಂತೆ.

ಎದುರು ಮನೆಯವರು ನೋಡಿ ಮಗನಿಗೆ ಫೋನ್ ಮಾಡಿದ್ದರು. ಇಯನ್ ಬಂದ; ಕೂಗಾಡುವ ಮನುಷ್ಯನಲ್ಲ. ಸರ್ಕಾರದ ಕಡೆಯಿಂದ ಒಬ್ಬರು ಬಂದು ಅಪ್ಪನನ್ನು ಪರೀಕ್ಷಿಸುತ್ತಾರೆ, ಬುದ್ಧಿ ಸ್ಥಿಮಿತದಲ್ಲಿದೆ ಎಂದಾದರೆ ಸಹಾಯದವರ ಸಮಯ ಹೆಚ್ಚಿಸಿ ಇಲ್ಲೇ ಇರಿಸೋಣ, ಇಲ್ಲವಾದರೆ ಮೆಲ್ಬರ್ನ್‌ನಲ್ಲಿ ತನ್ನ ಮನೆಯ ಹತ್ತಿರದ ವೃದ್ಧರ ಹೋಮ್ ಎಂದ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪರೀಕ್ಷೆಯ ದಿನದವರೆಗೂ ತೆರೇಸಾ ಮತ್ತು ಆಗ್ನ್ಯೂ ಪುಸ್ತಕ ಬಿಟ್ಟು ತಿಂಗಳು, ವಾರ, ಪ್ರಧಾನಿಯ ಹೆಸರು ಬಾಯಿಪಾಠ ಮಾಡಿದರು. ಆ ದಿನ ಬೆಳಿಗ್ಗೆ ಆಗ್ನ್ಯೂ ಟೈ ಕಟ್ಟಿಕೊಂಡು, ಮುಖ ನುಣ್ಣಗೆ ಕ್ಷೌರ ಮಾಡಿಕೊಂಡು ಕುಳಿತಿದ್ದರು. ತಲೆ ತಿಳಿಯಾಗಿತ್ತು. ತೆರೇಸಾಳನ್ನೇ ಅವರು ರೇಗಿಸಿದರು, ನಿನಗೇ ಪರೀಕ್ಷೆ ಇದ್ದ ಹಾಗಿದೆಯಲ್ಲ ಎಂದು.

ಬಂದ ಹೆಂಗಸು ಒಳ್ಳೆಯವಳು, ಮೆತ್ತಗಿನ ಮಾತು. ಇದು ಯಾವ ತಿಂಗಳು ಎಂದು ಮೊದಲು ಕೇಳಿದಳು.

ಇಲ್ಲಿ ಎರಡು ವಿಷಯ ಹೇಳಬೇಕು. ಆಗ್ನ್ಯೂ ಯಾವ ಪ್ರಶ್ನೆಗೂ ಥಟ್ಟನೆ ಉತ್ತರಿಸಿದವರಲ್ಲ. ಚಹಾ ಬೇಕೇ ಎಂದರೂ ಕಿಟಕಿಯಾಚೆ ನೋಡಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಹೂಂ ಅನ್ನುವವರು. ಇನ್ನು ನಮ್ಮ ಕಡೆ ಆಸ್ಪತ್ರೆಯಲ್ಲಿ ಡಾಕ್ಟರು ಹಿರಿಯರನ್ನು ಕೇಳಿದರೆ ಉತ್ತರ ಹೇಳುವುದು ಜೊತೆಗೆ ಹೋದವರು. ಅತ್ತೆಗೆ ಎಷ್ಟು ದಿನದಿಂದ ಜ್ವರ, ಹಸಿವು ಉಂಟೋ ಇಲ್ಲವೋ, ಎಲ್ಲ ಸೊಸೆಯೇ ಹೇಳಬೇಕು. ಅತ್ತೆ ನಾಲಿಗೆ ಚಾಚಿದರೆ ಸಾಕು. ಅದು ಮರ್ಯಾದೆ, ಅದು ಪ್ರೀತಿ. ತೆರೇಸಾ ತನ್ನ ಅತ್ತೆಯನ್ನೂ ಗಂಡನನ್ನೂ ಹಾಗೇ ನೋಡಿಕೊಂಡವಳು.

ಆಗ್ನ್ಯೂ ಗಂಟಲು ಸರಿಮಾಡಿಕೊಂಡರು. ಆ ಮೌನ ತೆರೇಸಾಗೆ ತಡೆಯಲಾಗಲಿಲ್ಲ. "ಆಗಸ್ಟ್" ಎಂದುಬಿಟ್ಟಳು.

ಅವರೇ ಹೇಳಲಿ ಎಂದು ಹೆಂಗಸು ನಕ್ಕಳು. ಈ ಮನೆ ಕೊಂಡದ್ದು ಯಾವಾಗ ಎಂಬುದು ಮುಂದಿನ ಪ್ರಶ್ನೆ. ಆಗ್ನ್ಯೂ ಕಿಟಕಿಯ ಕಡೆ ತಿರುಗಿದ್ದೇ ತಡ, ತೆರೇಸಾಳ ಬಾಯಿಂದ ಅದೂ ಹೊರಬಿತ್ತು. ಆಗ ಹೆಂಗಸು ಅವಳನ್ನು ಅಡುಗೆಮನೆಗೆ ಕಳಿಸಿದಳು. ತೆರೇಸಾ ಸಿಂಕಿನ ಅಂಚು ಹಿಡಿದು ನಿಂತಳು. ಮುಂಗೋಣೆಯಲ್ಲಿ ಪ್ರಶ್ನೆ ಕೇಳಿಸುತ್ತಿತ್ತು, ಉತ್ತರ ಕೇಳಿಸುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಹೆದರಿಕೆಯನ್ನು ಅವಳು ಕಂಡಿರಲಿಲ್ಲ. ಕೊನೆಗೆ ಆಗ್ನ್ಯೂ ಅವರ ಧ್ವನಿ ಬಂತು, ತೀರ ಸಣ್ಣದಾಗಿ.

"ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅವಳನ್ನೇ ಕರೆಯಿರಿ. ಅವಳಿಗೆ ಗೊತ್ತಿರುತ್ತದೆ."

ತನಗೆ ಮರೆತುಹೋಗಿದೆ ಎಂದು ಆ ಮನುಷ್ಯ ನಂಬಿದ್ದು ಆ ಹೊತ್ತಿನಲ್ಲಿ. ನಂಬಿಸಿದವಳು ತಾನು ಎಂದು ತೆರೇಸಾಗೆ ಸಿಂಕಿನ ಹತ್ತಿರ ನಿಂತಲ್ಲೇ ಅರ್ಥವಾಯಿತು. ಓಡಿ ಹೋಗಿ ಹೆಂಗಸಿನ ಮುಂದೆ ಅದನ್ನೆಲ್ಲ ಹೇಳಲು ನೋಡಿದಳು. ಅತ್ತುಬಿಟ್ಟಳು, ಇಂಗ್ಲಿಷ್ ಕೈಕೊಟ್ಟಿತು. ಹೆಂಗಸು ಅವಳ ಭುಜ ನೇವರಿಸಿ, ನಿಮಗೂ ತುಂಬ ಕಷ್ಟವಾಗುತ್ತಿದೆ ಎಂದು ಕಾಣುತ್ತದೆ ಎಂದಳು.

ಮೆಲ್ಬರ್ನ್‌ನ ಹೋಮ್ ಎಂದೇ ತೀರ್ಮಾನವಾಯಿತು. ಮನೆ ಖಾಲಿ ಮಾಡುವಾಗ ಇಯನ್ ತೆರೇಸಾಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದ. ನೀವಿಲ್ಲದಿದ್ದರೆ ಅಪ್ಪ ಇಷ್ಟು ದಿನ ಇಲ್ಲಿ ಇರುತ್ತಿರಲಿಲ್ಲ ಎಂದ. ಹೋಮಿನ ಕೋಣೆಯಲ್ಲಿ ಒಂದೇ ಒಂದು ಸಾಲು ಪುಸ್ತಕಕ್ಕೆ ಜಾಗ, ಯಾವುದು ಬೇಕೆಂದು ನೀವೇ ಆರಿಸಿ ಎಂದ. ಆರಿಸುವಾಗಲೂ ಹೆದರಿಕೆಯೇ ಅವಳ ಕೈ ಹಿಡಿದಿತ್ತು. ಪೆಟ್ಟಿಗೆಯಲ್ಲಿ ಹೂವಿನ ಪುಸ್ತಕ ಇಟ್ಟಳು, ದನಗಳದ್ದು ಇಟ್ಟಳು, ಗುಡ್ಡದ ಹೆಸರುಗಳದ್ದು ಇಟ್ಟಳು. ನೀರಿನ ಮಾತಿದ್ದದ್ದನ್ನು ಒಂದೂ ಹಾಕಲಿಲ್ಲ. ಉಳಿದವೆಲ್ಲ ದಾನದ ಹಳೆ ಸಾಮಾನು ಮಾರುವ ಧರ್ಮದ ಅಂಗಡಿಗೆ ಹೋದವು.

ಮರುವರ್ಷ ತೆರೇಸಾಳ ಅಕ್ಕನ ಮಗ ಆಲ್ರಾಯ್ ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ಹೊಸ ಮನೆ ಕಟ್ಟಿಸಿ, ಪಾದ್ರಿಯನ್ನು ಕರೆಸಿ ಮನೆಗೆ ಆಶೀರ್ವಾದ ಮಾಡಿಸಿದ. ಅದಕ್ಕೆ ಬಂದವಳು ಆಗ್ನ್ಯೂ ಅವರನ್ನು ನೋಡದೆ ಹೇಗೆ ಹೋಗುವುದು? ಆಲ್ರಾಯ್ ಕಾರಿನಲ್ಲಿ ಹೋಮಿನ ಬಾಗಿಲಿಗೆ ಬಿಟ್ಟು, "ಮಾವ್ಶಿ, ನಾನು ಇಲ್ಲೇ ಪಾರ್ಕ್ ಮಾಡಿರ್ತೇನೆ, ನಿಧಾನಕ್ಕೆ ಬನ್ನಿ" ಎಂದ. ಒಳಗೆ ಹೋಗುವ ಮೊದಲು ತೆರೇಸಾ ಬಹಳ ಹೊತ್ತು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಅವರು ಗುರುತು ಹಿಡಿಯದಿದ್ದರೆ ಎಂಬುದು ಒಂದು ಹೆದರಿಕೆ. ಗುರುತು ಹಿಡಿದರೆ ಎಂಬುದು ಅದಕ್ಕಿಂತ ದೊಡ್ಡದು.

ಗುರುತು ಹಿಡಿದರು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಕುಳಿತಿದ್ದರು. ಚೊಕ್ಕವಾಗಿದ್ದರು, ತುಸು ಮೈಯೂ ಬಂದಿತ್ತು. ಅವಳ ಧ್ವನಿ ಕೇಳಿದ ಕೂಡಲೇ ಮುಖ ಅರಳಿತು. ತೆರೇಸಾ ಹೂವಿನ ಪುಸ್ತಕ ತೆಗೆದು ಓದಿದಳು. ಅವರು ಆಸಕ್ತಿಯಿಂದ ಕೇಳಿದರು.

ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುವ ಚಿಕ್ಕ ಪ್ರಾಯದ ಹುಡುಗಿಯೊಬ್ಬಳು ಔಷಧಿ ತಂದಳು. ಕಪಾಟನ್ನು ನೋಡಿ ಪ್ರೀತಿಯಿಂದಲೇ ಕೇಳಿದಳು: ಈ ಗ್ಯಾಲೋವೇ ಎಲ್ಲಿದೆ, ಹೇಗಿದೆ ಅದು?

ಆಗ್ನ್ಯೂ ಗಂಟಲು ಸರಿಮಾಡಿಕೊಂಡರು, ಕಿಟಕಿಯಾಚೆ ನೋಡಿದರು. ತೆರೇಸಾ ತುಟಿ ಕಚ್ಚಿ ಹಿಡಿದಳು. ಈ ಸಲ ಮಾತಾಡುವುದಿಲ್ಲ, ಸಂಜೆಯಾದರೂ ಕಾಯುತ್ತೇನೆ ಎಂದುಕೊಂಡಳು. ಕಾದಳು. ಹುಡುಗಿಯೂ ಕಾದಳು. ಆಗ್ನ್ಯೂ ಕಿಟಕಿಯಿಂದ ಮುಖ ತಿರುಗಿಸಿ, ನೆಮ್ಮದಿಯಿಂದ ತೆರೇಸಾಳ ಕಡೆ ಕೈ ತೋರಿಸಿದರು.

"ಇವಳನ್ನು ಕೇಳು. ಇವಳು ಅಲ್ಲಿಯವಳು."

ಹುಡುಗಿ ಇವಳ ಬಣ್ಣವನ್ನೂ ಸೀರೆಯನ್ನೂ ನೋಡಿ ನಗಲೋ ಬೇಡವೋ ಎಂದು ನಿಂತಳು. ತೆರೇಸಾಗೆ ಬೇರೆ ದಾರಿ ಇರಲಿಲ್ಲ. ಹೇಳಿದಳು. ಗುಡ್ಡದ ನೇರಳೆ ಬಣ್ಣ, ಬಿಳಿ ಪಟ್ಟಿಯ ದನಗಳು, ಕಲ್ಲಿನ ಗೋಡೆಗಳ ನಡುವಿನ ಹಾದಿ, ತಾನು ಪೆಟ್ಟಿಗೆಗೆ ಹಾಕದೆ ಬಿಟ್ಟ ಸಮುದ್ರ, ಅದರ ಮೇಲೆ ಸಾಲುಗಟ್ಟಿ ಇಳಿಯುವ ಹೆಬ್ಬಾತುಗಳು, ಎಲ್ಲ. ಆಗ್ನ್ಯೂ ಕಿವಿಗೊಟ್ಟು ಕೇಳಿದರು. ಕಾಣದ ಊರಿನ ವಿಷಯ ಕೇಳುವವರ ಹಾಗೆ ಒಮ್ಮೊಮ್ಮೆ ತಲೆಯಾಡಿಸಿದರು, ಒಮ್ಮೊಮ್ಮೆ ಆಶ್ಚರ್ಯಪಟ್ಟರು. ಹುಡುಗಿ ಹೋದ ಮೇಲೆ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡರು.

"ಅಂಥ ಊರು ಬಿಟ್ಟು ಇಷ್ಟು ದೂರ ಬಂದೆಯಲ್ಲ ತೆರೇಸಾ. ನಿನಗೆ ಬೇಜಾರಾಗುವುದಿಲ್ಲವೇ?"

"ಆಗುತ್ತದೆ, ಮಿಸ್ಟರ್ ಆಗ್ನ್ಯೂ" ಎಂದಳು.

ಪಾಪ, ಪಾಪ ಎಂದು ಅವರು ಅವಳ ಕೈ ತಟ್ಟುತ್ತ ಕುಳಿತರು.