ಉಬ್ಬದ ಕೆನ್ನೆ

ಸಲೂನಿನವನಿಗೆ ಗಿರಾಕಿಗಳು ಇಟ್ಟ ಹೆಸರು ರೇಡಿಯೋ. ಅಂಗಡಿಯ ಬಾಗಿಲೆತ್ತಿದರೆ ಮಾತು ಶುರು, ಎಳೆದರೆ ಬಂದ್. ಇಪ್ಪತ್ತೆರಡು ವರ್ಷಗಳಿಂದ ಎಲ್ಲರಿಗೂ ಅವನು ತಪ್ಪದೆ ಹೇಳುತ್ತಿದ್ದ ಮಾತು, "ಸ್ವಲ್ಪ ಕೆನ್ನೆ ಉಬ್ಬಿಸಿ." ಕೆನ್ನೆ ಬಿಗಿಯಾದರೆ ಕತ್ತಿ ಸಲೀಸಾಗಿ ಹರಿಯುತ್ತದೆ. ಅವನ ಎಡದವಡೆಯಲ್ಲಿ ಮಾತ್ರ ಅಡಿಕೆ-ತಂಬಾಕಿನ ಉಂಡೆ ಮನೆ ಅಳಿಯನ ಹಾಗೆ ಸದಾ ಕೂತಿರುತ್ತಿತ್ತು.

ರಜೆಯ ದಿನ ತನ್ನ ಗಡ್ಡ ತಾನೇ ತೆಗೆಯುವಾಗ ಆ ಎಡಗೆನ್ನೆ ಉಬ್ಬಲಿಲ್ಲ. ಕತ್ತಿ ಮಸೆಯುವ ಚರ್ಮದ ಪಟ್ಟಿಯಂತೆ ಬಿರುಸಾಗಿತ್ತು. ತುಟಿ ಸರಿಸಿ ಕನ್ನಡಿಯಲ್ಲಿ ನೋಡಿದರೆ ಒಳಗೊಂದು ಬಿಳಿ ಮಚ್ಚೆ. ಟವೆಲಿನಿಂದ ಉಜ್ಜಿದ, ಹೋಗಲಿಲ್ಲ.

"ನೋವೇ ಇಲ್ಲ ಅಂದ್ಮೇಲೆ ರೋಗ ಎಲ್ಲಿಂದ? ನಿನ್ನ ಅಡಿಗೆ ಖಾರಕ್ಕೆ ಬಾಯಿ ಸುಟ್ಟಿದೆ ಅಷ್ಟೆ," ಎಂದು, ಮಚ್ಚೆ ಕಂಡು ಡಾಕ್ಟರಿಗೆ ತೋರಿಸಿ ಎಂದ ಹೆಂಡತಿಯ ಮೇಲೆ ಹಾರಿದ.

"ನಾವೆಲ್ಲ ತಿನ್ನೋದೂ ಅದನ್ನೇ. ಖಾರ ಇರೋದು ನಿಮ್ಮ ಬಾಯಲ್ಲಿ. ನಾಳೆ ಆಸ್ಪತ್ರೆ, ಅಂಗಡಿ ಆಮೇಲೆ," ಎಂದಳು ಅವಳು.

ಡಾಕ್ಟರು ಬಾಯಿ ತೆಗೆಸಿ, ಅವನದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಒಳಗಿಡಲು ಹೇಳಿದರು. ಮೂರೂ ಹಿಡಿಯಬೇಕಿತ್ತು, ಎರಡೇ ಹಿಡಿದವು. ಮಚ್ಚೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಬರಲು ಹೇಳಿದರು.

ಆ ವಾರ ರೇಡಿಯೋ ನುಡಿಯಲಿಲ್ಲ. "ಸ್ಟೇಷನ್ ಮುಚ್ಚಿತಾ?" ಎಂದು ಗಿರಾಕಿಗಳು ಕಿಚಾಯಿಸಿದರು. ದವಡೆ ಕೊಯ್ದರೆ, ಮಾತೇ ಹೋದರೆ ಎಂದು ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅದೇ ಗುಂಗಿನಲ್ಲಿ ಒಬ್ಬರ ಗಲ್ಲಕ್ಕೆ ಗಾಯವನ್ನೂ ಮಾಡಿದ.

"ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು. "ಆದ್ರೆ ಅದರ ಹೊಸ್ತಿಲಲ್ಲಿ ನಿಂತಿದ್ದೀರಿ. ತಂಬಾಕು, ಅಡಿಕೆ ಎರಡೂ ಇವತ್ತೇ ಬಿಡಿ, ತಪ್ಪದೆ ತೋರಿಸ್ಕೊಳ್ತಾ ಇರಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಆದ್ರೂ ಮಾಯದ ಹುಣ್ಣು, ಇವು ಕಂಡ್ರೆ ನೋವಾಗೋ ತನಕ ಕಾಯ್ಬಾರ್ದು."

ಬದುಕಿದೆಯಾ ಬಡಜೀವವೇ ಎಂದುಕೊಂಡು ಅಂಗಡಿಗೆ ಬಂದರೆ ಹೆಂಡತಿಯ ತಮ್ಮ ಆಗಲೇ ಕುರ್ಚಿಯಲ್ಲಿದ್ದ. ಅವನಿಗೆ ಅಡಿಕೆ-ತಂಬಾಕಿನ ರುಚಿ ಹತ್ತಿಸಿದವನು ಭಾವನಾದ ಈ ರೇಡಿಯೋನೇ. ನೊರೆ ಹಚ್ಚಿ, ಅಭ್ಯಾಸಬಲದಿಂದ ಅಂದ, "ಕೆನ್ನೆ ಉಬ್ಬಿಸು."

"ಅದೆಲ್ಲಿ ಆಗುತ್ತೆ ಭಾವ? ಯಾವಾಗ್ಲಿನ ಹಾಗೆ ನೀವೇ ಎಳ್ಕೊಳ್ಳಿ."

ಭಾವನ ಹೆಬ್ಬೆರಳು ಆಗಲೇ ಆ ಕೆನ್ನೆಯ ಮೇಲಿತ್ತು. ವರ್ಷದಿಂದ ತಾನೇ ಅದನ್ನು ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದುದು ಅವನಿಗೆ ಈಗ ನೆನಪಾಯಿತು. ಕತ್ತಿ ಕೆಳಗಿಟ್ಟ.

"ಬಾಯಿ ತೆಗಿ. ಮೂರು ಬೆರಳು ಇಡು."

ಒಂದೇ ಬೆರಳು ಒಳಗೆ ಹೋಯಿತು. ಮೈದುನ ನಗಲು ಹೊರಟವನು ಕನ್ನಡಿಯಲ್ಲಿ ಭಾವನ ಮುಖ ನೋಡಿ, "ಏನಾಯ್ತು ಭಾವ?" ಎಂದ.

"ಏಳು," ಎಂದು ಭಾವ ಅವನ ಮುಖದ ನೊರೆ ಒರೆಸಿದ. "ಮೊದ್ಲು ಆಸ್ಪತ್ರೆ, ಗಡ್ಡ ನಾಳೆ ತೆಗೆದ್ರಾಯ್ತು."